ಪುಡಿ ನಂಬಿ ಕಟ್ಟಿದ ಮನೆತನ

ಬಿಸಿಬೇಳೆ ಬಾತಿನ ಪುಡಿಗೆ ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಜೊತೆ ಕಲ್ಲುಹೂವು ಅಂತ ಹಾಕ್ತೀವಲ್ಲ, ಅದು ಹೂವೇ ಅಲ್ಲ. ಒಂದು ಶಿಲೀಂಧ್ರ ಪಾಚಿಯನ್ನು ಮೈಯೊಳಗೆ ಇಟ್ಟುಕೊಂಡು, ಆ ಪಾಚಿ ಬಿಸಿಲಲ್ಲಿ ತಯಾರಿಸುವ ಸಕ್ಕರೆ ತಿಂದು ನಡೆಸುವ ಸಂಸಾರ. ವಿಜ್ಞಾನದಲ್ಲಿ ಇದರ ಹೆಸರು ಲೈಕನ್.

1753ರಲ್ಲಿ ಲಿನೇಯಸ್ ತನಗೆ ಗೊತ್ತಿದ್ದ ಲೈಕನ್‌ಗಳನ್ನೆಲ್ಲ ಒಂದೇ ಕುಲಕ್ಕೆ ತುಂಬಿ ಕೈತೊಳೆದುಕೊಂಡಿದ್ದ. ಆ ಗಂಟು ಬಿಚ್ಚಿ ಬೇರೆ ಬೇರೆ ಕುಲ ಮಾಡೋ ಕೆಲಸ ಅವನ ಶಿಷ್ಯ, ವೃತ್ತಿಯಲ್ಲಿ ವೈದ್ಯನಾಗಿದ್ದ ಎರಿಕ್ ಅಕೇರಿಯಸ್ ತಲೆಗೆ ಬಿತ್ತು.

ಇವುಗಳಲ್ಲಿ ಒಂದು ಗುಂಪು ವಿಚಿತ್ರ. ಹಳೇ ಮರದ ತೊಗಟೆ ಮೇಲೆ ಗುಂಡುಸೂಜಿ ಚುಚ್ಚಿಟ್ಟ ಹಾಗೆ, ಕೆಲವೇ ಮಿಲಿಮೀಟರ್ ಎತ್ತರ. 1794ರಲ್ಲಿ ಪೆರ್ಸೂನ್ ಇವಕ್ಕೆ ಕ್ಯಾಲಿಸಿಯಂ ಅಂತ ಹೆಸರಿಟ್ಟ. ಇವುಗಳ ಹತ್ತಿರದ ಜಾತಿಯ ಶಿಲೀಂಧ್ರಗಳು ಸಾಮಾನ್ಯವಾಗಿ ಬೀಜಾಣುಗಳನ್ನು ಚೀಲದಿಂದ ಸಿಡಿಸುತ್ತವೆ. ಇವುಗಳಲ್ಲಿ ಮಾತ್ರ ಚೀಲವೇ ಕರಗಿ, ಬೀಜಾಣುಗಳು ಒಣ ಪುಡಿಯಾಗಿ ತಲೆ ಮೇಲೆ ಕೂರುತ್ತವೆ. ಬೆರಳು ತಾಗಿಸಿದರೆ ಕಪ್ಪು ಮಸಿ.

ಇಷ್ಟು ಎದ್ದು ಕಾಣೋ ಗುರುತು ಇರುವಾಗ ಇನ್ನೇನು ಬೇಕು? ಪುಡಿ ಇದ್ದವರೆಲ್ಲ ಒಂದೇ ಮನೆತನ ಅಂತ ತೀರ್ಮಾನವಾಯಿತು. 1907ರಲ್ಲಿ ಅಮೆರಿಕದ ಚಾರ್ಲ್ಸ್ ಬೆಸ್ಸಿ ಕೊಟ್ಟ ಕ್ಯಾಲಿಸಿಯೇಲಿಸ್ ಎಂಬ ಗಣದ ಹೆಸರು ಈ ಮನೆತನಕ್ಕೆ ಅಂಟಿಕೊಂಡಿತು.

ಮೊದಲ ಬಿರುಕು ಸ್ವೀಡನ್ನಿನಲ್ಲಿ. ಈ ಗುಂಪನ್ನೇ ಬೆನ್ನು ಹತ್ತಿದ್ದ ಲೀಫ್ ಟಿಬೆಲ್ 1984ರಲ್ಲಿ ಗಣವನ್ನು ಹೊಸದಾಗಿ ಪರಿಶೀಲಿಸಿ, ಇವರೆಲ್ಲ ಒಂದೇ ಬೇರಿನವರಲ್ಲ ಅಂದರು. 1990ರ ದಶಕದಿಂದ ಶುರುವಾದ ಡಿಎನ್‌ಎ ಪರೀಕ್ಷೆಗಳೂ ಅದನ್ನೇ ಹೇಳಿದವು. ಪುಡಿ ಮಾಡುವ ಉಪಾಯ ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತ್ತು!

ಮನೆ ಪಾಲಾಯಿತು. ಸ್ಫಿಂಕ್ಟ್ರಿನಾ ಹೋಗಿ ಪೆನಿಸಿಲಿಯಂ ಇರುವ ದೊಡ್ಡ ವರ್ಗ ಸೇರಿತು. ಪೊದೆಯಂತೆ ಬೆಳೆಯುವ ಸ್ಫೀರೋಫೋರಸ್ ಲೆಕನೋರೇಲಿಸ್ ಗಣಕ್ಕೆ ಹೋಯಿತು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವು ಇರೋದೂ ಅಲ್ಲೇ. ಇನ್ನೂ ತಮಾಷೆ ಅಂದ್ರೆ, ಎಲೆಯಂತೆ ಚಪ್ಪಟೆಯಾಗಿ ಹರಡುವ, ಪುಡಿಯ ಗಂಧಗಾಳಿಯೂ ಇಲ್ಲದ ಫಿಸಿಯಾ ಕ್ಯಾಲಿಸಿಯಂನ ಹತ್ತಿರದ ನೆಂಟ ಅಂತ ಗೊತ್ತಾಯಿತು. ಗಣದ ಹೆಸರು ಕ್ಯಾಲಿಸಿಯಂ ಹೋದ ಕಡೆಗೇ ಹೋಗಬೇಕು ಅನ್ನೋದು ನಾಮಕರಣದ ನಿಯಮ. ಹಾಗಾಗಿ ಹಳೇ ಬೋರ್ಡು ಉಳಿಯಿತು, ಒಳಗಿನ ಸಂಸಾರ ಬದಲಾಯಿತು.

ಹಾಗಂತ ಹಳಬರ ಕಣ್ಣು ಪೂರ್ತಿ ಮೋಸ ಹೋಗಿರಲಿಲ್ಲ. ಉತ್ತರ ಯುರೋಪಿನಲ್ಲಿ ಒಂದು ಕಾಡು ಎಷ್ಟು ಹಳೆಯದು, ಕೊಡಲಿ ಬಿದ್ದಿದೆಯೋ ಇಲ್ಲವೋ ಅಂತ ತಿಳಿಯಲು ಇಂದಿಗೂ ಈ ಗುಂಡುಸೂಜಿಗಳನ್ನು ಒಟ್ಟಿಗೇ ಹುಡುಕುತ್ತಾರೆ. ಇವುಗಳಲ್ಲಿ ಎಷ್ಟೋ ಪ್ರಭೇದಗಳಿಗೆ ಹಳೇ ಮರವೇ ಬೇಕು. ರಕ್ತಸಂಬಂಧ ಇಲ್ಲದಿದ್ದರೂ ಅವು ಒಂದೇ ಬೀದಿಯವು. ಯಾರು ಯಾರ ನೆಂಟರು ಅನ್ನೋದು ಒಂದು ಪ್ರಶ್ನೆ, ಯಾರು ಯಾರ ಜೊತೆ ಬದುಕುತ್ತಾರೆ ಅನ್ನೋದು ಇನ್ನೊಂದು. ಒಂದರ ಉತ್ತರವನ್ನು ಇನ್ನೊಂದಕ್ಕೆ ಬರೆದದ್ದಷ್ಟೇ ತಪ್ಪು.