ಟ್ರ್ಯಾಕ್ಟರ್ ಆಂಪ್ಲಿಫೈಯರಿನ ಪವರ್ ವೈರ್: ತಾವರಗೇರಾ ಭಾಗದ ಬಳಕೆಯನ್ನು ಮುಂದಿಟ್ಟುಕೊಂಡು ಒಂದು ಲೆಕ್ಕಾಚಾರ

ಮನೆಯ 230 ವೋಲ್ಟ್ ಲೈನಿನಲ್ಲಿ 500 ವ್ಯಾಟ್ ಎಳೆಯುವ ಉಪಕರಣಕ್ಕೆ ಎರಡು ಆಂಪಿಯರ್ ಚಿಲ್ಲರೆ ಕರೆಂಟ್ ಸಾಕು, 13.8 ವೋಲ್ಟಿನ ವಾಹನದಲ್ಲಿ ಅಷ್ಟೇ ವ್ಯಾಟಿಗೆ 36 ಆಂಪಿಯರ್ ಬೇಕು. ಹೀಗಾಗಿ ಮನೆಗೆ ಹೊಂದುವ ವೈರು ಇಲ್ಲಿ ಹೊಂದದು. ಕುಷ್ಟಗಿ ತಾಲೂಕಿನ ತಾವರಗೇರಾದಂಥ ಬಯಲುಸೀಮೆಯ ಊರುಗಳಲ್ಲಿ ಆಂಪ್ಲಿಫೈಯರ್ ಕಾರಿನ ಡಿಕ್ಕಿಯಲ್ಲಷ್ಟೇ ಅಲ್ಲ, ಟ್ರ್ಯಾಕ್ಟರಿನ ಹುಡ್ಡಿನ (ಚಾಲಕನ ತಲೆಯ ಮೇಲಿನ ಚಾವಣಿಯ) ಅಡಿಯಲ್ಲೂ ಇರುತ್ತದೆ. ಹೊಲದಲ್ಲಿ, ಮದುವೆ ದಿಬ್ಬಣದಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಗೆ ರೊಟ್ಟಿ ಹೇರಿಕೊಂಡು ಹೊರಟಾಗ ಅದಕ್ಕೆ ಬಿಡುವಿಲ್ಲ. ಕಾರಿಗೆ ಹೇಳುವ ಲೆಕ್ಕ ಟ್ರ್ಯಾಕ್ಟರಿಗೂ ಸಲ್ಲುತ್ತದೆ, ಒಂದೆರಡು ಕಡೆ ಬಿಟ್ಟು.

ಮೊದಲು ಗೊತ್ತಾಗಬೇಕಾದದ್ದು ಕರೆಂಟ್. ಡಬ್ಬಿಯ ಮೇಲೆ ಅಚ್ಚಾದ ಸಾವಿರಾರು ವ್ಯಾಟಿನ ಅಂಕಿಯನ್ನು ನಂಬುವಂತಿಲ್ಲ. ಆಂಪ್ಲಿಫೈಯರಿಗೇ ಸಿಕ್ಕಿಸಿದ ಫ್ಯೂಸು ಹೆಚ್ಚು ಪ್ರಾಮಾಣಿಕ. 30 ಆಂಪಿಯರಿನ ಎರಡು ಫ್ಯೂಸುಗಳಿದ್ದರೆ ಗರಿಷ್ಠ ಎಳೆತ 60 ಆಂಪಿಯರ್. ಶೇ. 60ರ ದಕ್ಷತೆಯ ಎಬಿ ವರ್ಗದ ಯಂತ್ರವಾದರೆ ಹೊರಬರುವುದು ಸುಮಾರು 500 ವ್ಯಾಟ್, ಅಷ್ಟೇ.

ಎರಡನೆಯದು ವೈರಿನ ರೋಧ. ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರದ ವೈರಿಗೆ ಅದು 20 ಡಿಗ್ರಿಯಲ್ಲಿ 0.0172 ಓಮ್. ಬ್ಯಾಟರಿಯಿಂದ ಹುಡ್ಡಿಗೆ 3 ಮೀಟರ್ ಎಂದಿಟ್ಟುಕೊಂಡರೆ, ಹೋಗಿಬರುವ ದಾರಿ 6 ಮೀಟರ್. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಎರಡೂವರೆ ಎಂಎಂ (ಅಂದರೆ ಚದರ ಮಿಲಿಮೀಟರ್) ವೈರನ್ನು ಇಲ್ಲಿಗೆ ಎಳೆದರೆ 60 ಆಂಪಿಯರಿನಲ್ಲಿ ಸುಮಾರು 2.5 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. ಸುಮಾರು 150 ವ್ಯಾಟ್ ಶಾಖವಾಗಿ ವೈರಿನ ಪಿವಿಸಿ ಹೊದಿಕೆಯನ್ನು ಕರಗಿಸುತ್ತದೆ. ಬೇಸ್ ಬಡಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುವುದು, ಆಂಪ್ಲಿಫೈಯರಿನ ಪ್ರೊಟೆಕ್ಷನ್ ದೀಪ ಹತ್ತುವುದು ಇದರ ಲಕ್ಷಣ. ನಷ್ಟ ಅರ್ಧ ವೋಲ್ಟ್ ಮೀರಬಾರದೆಂದರೆ 12.4 ಚದರ ಮಿಲಿಮೀಟರ್ ಬೇಕು. ಬೇಸಿಗೆಯಲ್ಲಿ ಬಾನೆಟ್ಟಿನ ಪಕ್ಕ ವೈರು 60 ಡಿಗ್ರಿಗೆ ಕಾದರೆ ರೋಧ ಶೇ. 16ರಷ್ಟು ಏರುವುದರಿಂದ 16 ಚದರ ಮಿಲಿಮೀಟರಿನದನ್ನೇ ಕೊಳ್ಳುವುದು ಸರಿ.

ಇದೆಲ್ಲ ಶುದ್ಧ ತಾಮ್ರದ ಮಾತು. ಅಗ್ಗದ ಆಂಪ್ಲಿಫೈಯರ್ ಕಿಟ್ಟುಗಳಲ್ಲಿ ಬರುವುದು ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಒಂದು ಎಳೆಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳಿ ಲೋಹ ಕಾಣಿಸುತ್ತದೆ. ಹೊದಿಕೆಯ ದಪ್ಪ ನೋಡಿ ವೈರಿನ ದಪ್ಪ ಅಳೆಯುವವರಿಗೆ ಇಂಥ ಕಿಟ್ಟು ಇನ್ನಷ್ಟು ಮೋಸ.

ಟ್ರ್ಯಾಕ್ಟರಿನ ನಿಜವಾದ ತೊಡಕು ಟ್ರೇಲರಿನಲ್ಲಿದೆ. ಕಾರಿನಲ್ಲಿ ನೆಗೆಟಿವ್ ದಾರಿಯಾಗಿ ಬಾಡಿಯ ತಗಡು ಒದಗುತ್ತದೆ. ಟ್ರೇಲರಿಗೆ ಆ ದಾರಿ ಹುಕ್ಕಿನ ಪಿನ್ನಿನ ಮೂಲಕ ಹೋಗಬೇಕು; ಗ್ರೀಸು, ತುಕ್ಕು, ಧೂಳು ಮೆತ್ತಿದ, ಕುಲುಕಿದಾಗಲೆಲ್ಲ ಸಡಿಲಾಗುವ ಆ ಪಿನ್ನನ್ನು ವಿದ್ಯುತ್ ಸಂಪರ್ಕವೆಂದು ಎಣಿಸಲಾಗದು. ಪ್ರತ್ಯೇಕ ಕಪ್ಪು ವೈರು ಬೇಕೇ ಬೇಕು. ಆಂಪ್ಲಿಫೈಯರ್ ಬ್ಯಾಟರಿಯಿಂದ 8 ಮೀಟರ್ ದೂರವಿದ್ದರೆ ಮೇಲಿನ ಲೆಕ್ಕವೇ ಬಿಸಿಯಲ್ಲಿ 38 ಚದರ ಮಿಲಿಮೀಟರ್ ದಾಟಿ, 50ರ ಕೇಬಲ್ ಬೇಡುತ್ತದೆ. ಅಷ್ಟು ದಪ್ಪದ ತಾಮ್ರ ಕೊಳ್ಳುವ ಬದಲು ಆಂಪ್ಲಿಫೈಯರನ್ನು ಟ್ರ್ಯಾಕ್ಟರಿನಲ್ಲೇ ಇರಿಸಿ, ಸ್ಪೀಕರ್ ವೈರನ್ನು ಹಿಂದಕ್ಕೆ ಒಯ್ಯುವುದು ಜಾಣತನ. 4 ಓಮಿನ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೆ ಹರಿಯುವುದು 5 ಆಂಪಿಯರ್ ಮಾತ್ರ. ಅದೇ ಎರಡೂವರೆ ಎಂಎಂ ವೈರಿನಿಂದ ಸ್ಪೀಕರಿಗೆ ಸಿಗುವ ಶಕ್ತಿ ತಗ್ಗುವುದು ಶೇ. 5ರ ಆಸುಪಾಸು, ಕಿವಿಗೆ ತಿಳಿಯದಷ್ಟು.

ದಪ್ಪ ವೈರು ಕರೆಂಟನ್ನು ಹುಟ್ಟಿಸುವುದಿಲ್ಲ. ಹಲವು ಟ್ರ್ಯಾಕ್ಟರುಗಳ ಆಲ್ಟರ್ನೇಟರ್ 36 ಆಂಪಿಯರಿನದು. ಮಿಕ್ಕದ್ದನ್ನು ಬ್ಯಾಟರಿಯೇ ತುಂಬಬೇಕು. ಎಂಜಿನ್ ಬಂದ್ ಮಾಡಿ ಸರಾಸರಿ 20 ಆಂಪಿಯರಿನಲ್ಲಿ ಹಾಡು ಹಚ್ಚಿದರೆ 88 ಆಂಪಿಯರ್-ಅವರ್ ಬ್ಯಾಟರಿ ಎರಡು ತಾಸಿನಲ್ಲಿ ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತದೆ. ಆಮೇಲೆ ಸೆಲ್ಫ್ ಎತ್ತುವ ಭರವಸೆಯಿಲ್ಲ.

ವೈರು ಎಷ್ಟೇ ದಪ್ಪವಿರಲಿ, ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಮೊಳದೊಳಗೆ 60 ಆಂಪಿಯರಿನ ಫ್ಯೂಸು ಇರಲೇಬೇಕು. ಆಂಪ್ಲಿಫೈಯರಿನ ಒಳಗಿನ ಫ್ಯೂಸು ವೈರನ್ನು ಕಾಯದು. ಬಾನೆಟ್ಟಿನ ಅಂಚಿಗೆ ಉಜ್ಜಿ ಹೊದಿಕೆ ಹರಿದರೆ ಶಾರ್ಟ್ ಆಗುವುದು ಅದಕ್ಕೂ ಮೊದಲೇ, ಡೀಸೆಲ್ ಟ್ಯಾಂಕಿನ ಮಗ್ಗುಲಲ್ಲಿ.