ಟಿಪ್ಪು ಸುಲ್ತಾನರ ಕನಸಿನ ಪುಸ್ತಕ ಮತ್ತು ನಮ್ಮ ಬೆಳಗು



1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು, ಟಿಪ್ಪು ಸುಲ್ತಾನರು ಶಹೀದರಾದರು. ಆಮೇಲೆ ಅರಮನೆಯನ್ನು ಶೋಧಿಸುವಾಗ ಕರ್ನಲ್ ಕಿರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿಗೆ ಗುಪ್ತ ಕಾಗದಗಳ ನಡುವೆ ಒಂದು ಪುಸ್ತಕ ಸಿಕ್ಕಿತು. ಅದರಲ್ಲಿ ಸುಲ್ತಾನರು ತಮ್ಮ 37 ಕನಸುಗಳನ್ನು ಸ್ವಂತ ಕೈಯಿಂದ ಪಾರ್ಸಿಯಲ್ಲಿ ಬರೆದಿಟ್ಟಿದ್ದರು. ಆಪ್ತ ಸೇವಕ ಹಬೀಬುಲ್ಲಾ ಆಗ ಅಲ್ಲಿಯೇ ಇದ್ದರು. ಇಂಥದೊಂದು ಪುಸ್ತಕ ಇದೆಯೆಂದು ಅವರಿಗೆ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಏಕೆಂದರೆ ಬರೆಯುವಾಗ ಯಾರಾದರೂ ಹತ್ತಿರ ಬಂದರೆ ಸುಲ್ತಾನರು ಅದನ್ನು ಮರೆಮಾಡುತ್ತಿದ್ದರು. ಇಂದು ಆ ಪುಸ್ತಕ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ್ ಕಾರ್ನಾಡರು ಇದೇ ವಿಷಯದ ಮೇಲೆ ನಾಟಕ ಬರೆದರು.

ರಾಜ್ಯದ ಹೊಣೆ, ಯುದ್ಧದ ಚಿಂತೆ ಹೊತ್ತಿದ್ದ ದೊರೆ ಕನಸುಗಳನ್ನು ಏಕೆ ಬರೆದಿಟ್ಟರು? ನಮ್ಮ ದೀನಿನಲ್ಲಿ ಇದಕ್ಕೆ ಉತ್ತರವಿದೆ. ಪ್ರವಾದಿ ಮುಹಮ್ಮದ್(ಸ)ರು ಫಜ್ರ್ ನಮಾಜಿನ ನಂತರ ಸಹಾಬಿಗಳ ಕಡೆ ತಿರುಗಿ, ರಾತ್ರಿ ಯಾರಾದರೂ ಕನಸು ಕಂಡಿರಾ ಎಂದು ವಿಚಾರಿಸುತ್ತಿದ್ದರು. ಒಳ್ಳೆಯ ಕನಸನ್ನು ಪ್ರವಾದಿತ್ವದ 46 ಭಾಗಗಳಲ್ಲಿ ಒಂದು ಎಂದು ಹದೀಸ್ ಹೇಳುತ್ತದೆ. ಕನಸುಗಳಲ್ಲಿ ಮೂರು ಬಗೆ ಎಂದೂ ಕಲಿಸಲಾಗಿದೆ: ಅಲ್ಲಾಹನ ಕಡೆಯಿಂದ ಬರುವ ಶುಭವಾರ್ತೆ, ಶೈತಾನನು ಹುಟ್ಟಿಸುವ ಭಯ, ಮನುಷ್ಯ ಹಗಲೆಲ್ಲ ಯೋಚಿಸಿದ್ದೇ ರಾತ್ರಿ ಕಾಣುವುದು.

ಈ ಮೂರು ಬಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸುಲ್ತಾನರ ಪುಸ್ತಕವನ್ನು ನೋಡೋಣ. 1786ರಲ್ಲಿ ಮರಾಠರ ಜೊತೆ ಯುದ್ಧ ನಡೆದಿತ್ತು. ಆ ವರ್ಷ ನಮ್ಮ ಪಕ್ಕದ ಬಾದಾಮಿ ಕೋಟೆ ಮರಾಠರು ಮತ್ತು ನಿಜಾಮರ ಕೈಸೇರಿತು. ಸವಣೂರಿನ ಹತ್ತಿರ ಮರಾಠರ ದಂಡಿನ ಮೇಲೆ ದಾಳಿ ಮಾಡುವ ಮುಂಚೆ ಸುಲ್ತಾನರಿಗೆ ಕನಸಿನಲ್ಲಿ ಒಬ್ಬ ಅಪರಿಚಿತ ಯುವಕ ಕಂಡ. ಸ್ವಲ್ಪ ಹೊತ್ತಿನಲ್ಲಿ ಅದು ಗಂಡುಡುಗೆ ತೊಟ್ಟ ಹೆಣ್ಣು ಎಂದು ತಿಳಿಯಿತು. ಶತ್ರುಗಳು ನಿಲ್ಲದೆ ಓಡುತ್ತಾರೆ ಎಂದು ಅವರು ಇದಕ್ಕೆ ಅರ್ಥ ಹಚ್ಚಿದರು. ಆ ದಾಳಿಯಲ್ಲಿ ಗೆದ್ದರು ಕೂಡ. ಮತ್ತೊಂದು ಕನಸಿನಲ್ಲಿ ಮೂರು ಬೆಳ್ಳಿ ತಟ್ಟೆಗಳ ತುಂಬ ತಾಜಾ ಖರ್ಜೂರ ಕಂಡರು. ಮೂವರು ಶತ್ರುಗಳ ರಾಜ್ಯ ತಮ್ಮ ಕೈಗೆ ಬರುತ್ತದೆ ಎಂದು ಬರೆದುಕೊಂಡರು. ಆದರೆ ಆ ರಾಜ್ಯಗಳು ಅವರ ಕೈಗೆ ಬರಲಿಲ್ಲ.

ಇಲ್ಲಿ ನಾವು ತಿಳಿಯಬೇಕಾದುದು ಇಷ್ಟು: ಒಂದು ಕನಸು ನಿಜವಾಯಿತೆಂದು ಎಲ್ಲ ಕನಸುಗಳನ್ನೂ ನಂಬಿ ಲೆಕ್ಕ ಹಾಕಬಾರದು. ಗೈಬಿನ ಜ್ಞಾನ ಅಲ್ಲಾಹನಿಗೆ ಮಾತ್ರ.

ಇನ್ನೊಂದು ಕನಸು ಬೇರೆ ತರಹದ್ದು. ಹಿಂಭಾಗ ಸ್ವಲ್ಪ ಹಾಳಾದ ದೊಡ್ಡ ದೇವಸ್ಥಾನವೊಂದನ್ನು ಸುಲ್ತಾನರು ಕಂಡರು. ಒಳಗಿದ್ದ ವಿಗ್ರಹಗಳ ಕಣ್ಣು ಮನುಷ್ಯರ ಕಣ್ಣಿನಂತೆ ಆಡುತ್ತಿದ್ದವು. ಅವರೊಡನೆ ಮಾತನಾಡಿದ ಮೇಲೆ ಕಟ್ಟಡವನ್ನು ದುರಸ್ತಿ ಮಾಡಲು ಕನಸಿನಲ್ಲಿಯೇ ಆಜ್ಞೆ ಕೊಟ್ಟರು. ಎಚ್ಚರದಲ್ಲಿಯೂ ಅವರ ನಡೆ ಹಾಗೆಯೇ ಇತ್ತು. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸುಲ್ತಾನರು ನೆರವು ಕಳಿಸಿದರು. ಅವರು ಮಠದ ಸ್ವಾಮಿಗಳಿಗೆ ಬರೆಯಿಸಿದ ಕನ್ನಡ ಪತ್ರಗಳು ಇಂದಿಗೂ ಇವೆ. ಮಾತಿನಲ್ಲಿ ಹೆಚ್ಚು ಸತ್ಯವಂತನಾದವನ ಕನಸೇ ಹೆಚ್ಚು ಸತ್ಯ ಎಂಬ ಹದೀಸಿನ ಅರ್ಥ ಇಂಥಲ್ಲಿ ತಿಳಿಯುತ್ತದೆ. ಹಗಲಿನ ಬಾಳು ನೆಟ್ಟಗಿದ್ದರೆ ರಾತ್ರಿಯೂ ನೆಟ್ಟಗಿರುತ್ತದೆ.

ಈಗ ನಮ್ಮ ಊರುಗಳ ಕಡೆ ಬರೋಣ. ಬೀಳಗಿ ತಾಲೂಕಿನ ಮುಳುಗಡೆ ಹಳ್ಳಿಗಳಿಂದ ಎದ್ದು ಬಂದ ಹಿರಿಯರಿಗೆ ಹಿನ್ನೀರಿನಡಿ ಹೋದ ಮನೆ, ಮಸೀದಿ, ಖಬರಸ್ತಾನ ಕನಸಿನಲ್ಲಿ ಬರುತ್ತವೆ. ರಬಕವಿ-ಬನಹಟ್ಟಿಯ ನೇಕಾರನಿಗೆ ಸಾಲ ಕೊಟ್ಟವನೇ ಕನಸಿನಲ್ಲಿ ಬಂದು ನಿಲ್ಲುತ್ತಾನೆ. ಇಂಥ ಕನಸು ಬಿದ್ದವರನ್ನು ಹೆದರಿಸಿ ತಾವೀಜು ಮಾರುವವರೂ ನಮ್ಮ ನಡುವೆ ಇದ್ದಾರೆ. ಕನಸಿನಲ್ಲಿ ಹಾವು ಕಂಡಿತೆಂದು ಕೂಡಿದ ಸಂಬಂಧ ಮುರಿಯುವವರು, ಅತ್ತಿಗೆ ಮಾಟ ಮಾಡಿಸಿದಳೆಂದು ಮನೆ ಒಡೆಯುವವರೂ ಇದ್ದಾರೆ. ಇದು ಸುನ್ನತ್ ಅಲ್ಲ. ಇಮಾಮ್ ಇಬ್ನ್ ಸೀರೀನ್‌ರ ಹೆಸರಿನಲ್ಲಿ ಮಾರುವ ಕನಸಿನ ಪುಸ್ತಕಗಳೂ ಅವರೇ ಬರೆದವಲ್ಲ.

ಸುನ್ನತ್ ಬಹಳ ಸರಳ. ಕಣ್ಣು ಬಿಟ್ಟ ಕೂಡಲೇ ಮೊಬೈಲ್ ಹಿಡಿಯದೆ ಅಲ್ಲಾಹನನ್ನು ನೆನೆಯಿರಿ. ಮರಣದಂಥ ನಿದ್ರೆಯಿಂದ ಎಬ್ಬಿಸಿದವನಿಗೆ ಶುಕ್ರ್ ಹೇಳಿರಿ. ನಂತರ ಕಂಡ ಕನಸನ್ನು ನೆನಪಿಸಿಕೊಳ್ಳಿರಿ. ಒಳ್ಳೆಯದಾಗಿದ್ದರೆ ಹಮ್ದ್ ಮಾಡಿ, ನಿಮ್ಮನ್ನು ಪ್ರೀತಿಸುವವರಿಗೆ ಮಾತ್ರ ಹೇಳಿರಿ. ಹಜರತ್ ಯಾಕೂಬ್(ಅ)ರು ಮಗ ಯೂಸುಫ್(ಅ)ರಿಗೆ, ಅಣ್ಣಂದಿರ ಮುಂದೆ ಕನಸು ಹೇಳಬೇಡ ಎಂದು ಎಚ್ಚರಿಸಿದ್ದು ಕುರ್‌ಆನಿನಲ್ಲಿದೆ. ಕೆಟ್ಟದ್ದು ಕಂಡರೆ ಎಡಗಡೆ ಮೂರು ಸಲ ಹಗುರವಾಗಿ ಉಗುಳಿ, ಅಲ್ಲಾಹನ ರಕ್ಷೆ ಬೇಡಿ, ಮಗ್ಗಲು ಬದಲಿಸಿರಿ. ಯಾರಿಗೂ ಹೇಳಬೇಡಿರಿ, ಅದು ನಿಮಗೆ ಕೇಡು ಮಾಡದು. ಕಾಣದ ಕನಸನ್ನು ಕಂಡೆನೆಂದು ಹೇಳುವುದು ದೊಡ್ಡ ಗುನಾಹ್. ಯಾವ ಕನಸೂ ಹರಾಮನ್ನು ಹಲಾಲ್ ಮಾಡದು. ಅಬ್ದುಲ್ಲಾ ಬಿನ್ ಝೈದ್(ರ)ರು ಕನಸಿನಲ್ಲಿ ಕೇಳಿದ ಮಾತುಗಳು ಅಝಾನ್ ಆದದ್ದು ಪ್ರವಾದಿ(ಸ)ರು ಒಪ್ಪಿದ ಮೇಲೆಯೇ.

ಮುಳುಗಿದ ಖಬರಸ್ತಾನ ಕಂಡವರು ಅಲ್ಲಿ ಮಲಗಿದವರಿಗಾಗಿ ಮಗ್‌ಫಿರತ್ ಬೇಡಲಿ. ಸಾಲಗಾರ ಕಂಡವರು ಹಗಲಿನಲ್ಲಿ ಹೋಗಿ ಅವನೊಡನೆ ಮಾತನಾಡಿ ವಾಯಿದೆ ಕೇಳಲಿ. ಕನಸು ನೆನಪಿಟ್ಟಿದ್ದಕ್ಕೆ ಫಲ ಅದೇ.

ಅಲ್ಲಾಹನು ನಮ್ಮ ಮಾತನ್ನೂ ಕನಸನ್ನೂ ಸತ್ಯಗೊಳಿಸಲಿ. ಆಮೀನ್.