ಸರೋವರದ ದಡದ ಬಿಟ್‌ಕಾಯಿನ್ ಸ್ಥಾವರ

ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ದಡದಲ್ಲಿ ಡ್ರೆಸ್ಡೆನ್ ಎಂಬ ಪುಟ್ಟ ಊರಿದೆ. ಸುತ್ತಲೂ ದ್ರಾಕ್ಷಿ ತೋಟ, ವೈನ್ ತಯಾರಿಕೆ. ಅಲ್ಲಿನ ಗ್ರೀನಿಡ್ಜ್ ವಿದ್ಯುತ್ ಸ್ಥಾವರ 1937ರಿಂದ ಕಲ್ಲಿದ್ದಲು ಉರಿಸಿ, 2011ರಲ್ಲಿ ಬಾಗಿಲು ಹಾಕಿತು. ಹೊಸ ಮಾಲೀಕರು ಅದನ್ನು ನೈಸರ್ಗಿಕ ಅನಿಲಕ್ಕೆ ಬದಲಿಸಿ 2017ರಲ್ಲಿ ಮತ್ತೆ ಚಾಲೂ ಮಾಡಿದರು. ಕೆಲವೇ ವರ್ಷಗಳಲ್ಲಿ ಆವರಣದೊಳಗೇ ಸಾವಿರಾರು ಕಂಪ್ಯೂಟರುಗಳು ಬಂದು ಕೂತು ಬಿಟ್‌ಕಾಯಿನ್ ಗಣಿಗಾರಿಕೆಗೆ ತೊಡಗಿದವು.

ಈ ದಂಧೆಯ ತಿರುಳೇ ವಿಚಿತ್ರ. ವಹಿವಾಟಿನ ಲೆಕ್ಕದ ಪ್ರತಿ ಹೊಸ ಪುಟಕ್ಕೂ ಸರಿಯಾದ ಸಂಖ್ಯೆ ಸಿಗುವವರೆಗೆ ಯಂತ್ರಗಳು ಊಹಿಸುತ್ತಲೇ ಇರಬೇಕು. ಮೊದಲು ಹಿಡಿದವರಿಗೆ ನಾಣ್ಯ. ಹಳೆಯ ಲೆಕ್ಕವನ್ನು ತಿದ್ದಹೊರಟ ಕಳ್ಳ ಉಳಿದವರೆಲ್ಲರ ಯಂತ್ರಬಲವನ್ನು ಮೀರಿಸಬೇಕು, ಅಷ್ಟು ಕರೆಂಟಿನ ಬಿಲ್ಲನ್ನೂ ಕಟ್ಟಬೇಕು. ಅಂದರೆ ಇಲ್ಲಿ ದುಂದುಗಾರಿಕೆಯೇ ಬೀಗ.

ಊರವರಿಗೆ ಕಾಣಿಸಿದ್ದು ಹೊಗೆ ಮತ್ತು ಸರೋವರಕ್ಕೆ ಬೀಳುವ ಬಿಸಿನೀರು. ಪ್ರತಿಭಟನೆ ಬೆಳೆಯಿತು. 2022ರ ಜೂನ್‌ನಲ್ಲಿ ರಾಜ್ಯದ ಪರಿಸರ ಇಲಾಖೆ ಸ್ಥಾವರದ ವಾಯು ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ನವೆಂಬರಿನಲ್ಲಿ ಒಂದು ಕಾನೂನೂ ಬಂತು: ಕಲ್ಲಿದ್ದಲು, ಅನಿಲದಂಥ ಇಂಧನದ ಸ್ಥಾವರಗಳಲ್ಲಿ ಇಂಥ ಗಣಿಗಾರಿಕೆಗೆ ಎರಡು ವರ್ಷ ಹೊಸ ಪರವಾನಗಿ ಇಲ್ಲ. ಗ್ರೀನಿಡ್ಜ್ ಮೇಲ್ಮನವಿ ಹೂಡಿತು, ಯಂತ್ರಗಳು ಓಡುತ್ತಲೇ ಇದ್ದವು.

ಇಷ್ಟು ವಿದ್ಯುತ್ ಸುಡದೆ ಲೆಕ್ಕ ಕಾಯುವ ಬೇರೆ ದಾರಿ ಇರಲಿಲ್ಲವೇ? ಇತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಇನ್ನೊಂದು ಡಿಜಿಟಲ್ ನಾಣ್ಯಜಾಲ ಊಹೆಯ ಓಟವನ್ನೇ ಕೈಬಿಟ್ಟು, ನಾಣ್ಯಗಳನ್ನು ಠೇವಣಿ ಇಟ್ಟವರು ಲೆಕ್ಕ ಕಾಯುವ ಪದ್ಧತಿಗೆ ಹೊರಳಿತು. ಅದರ ವಿದ್ಯುತ್ ಬಳಕೆ ಶೇ. 99ಕ್ಕೂ ಹೆಚ್ಚು ಇಳಿಯಿತು. ಬಿಟ್‌ಕಾಯಿನ್ ಮಾತ್ರ ಜಗ್ಗಲಿಲ್ಲ.